ಬಿಸ್ಕತ್ತಿನ ಡಬ್ಬಿ, ಮಖಮಲ್ಲಿನ ಚೂರು

ಡ್ರೈವರನಿಗೆ ಬೇಕಾಗಿದ್ದದ್ದು ಅಂಗೈಯಗಲದ ನೀಲಿ ಬಟ್ಟೆ, ಅಷ್ಟೇ. ಅವನು ಹೊಲಿಯುತ್ತಿದ್ದ ಕೌದಿಯ ನಟ್ಟನಡುವೆ ಒಂದು ಚೌಕ ಖಾಲಿ ಉಳಿದಿತ್ತು, ಬಿದ್ದ ಹಲ್ಲಿನ ಜಾಗದ ಹಾಗೆ. ಹಸಿರು ಇಟ್ಟು ನೋಡಿದ, ಹಳದಿ ಇಟ್ಟು ನೋಡಿದ. ಎರಡೂ ತಪ್ಪು ಬಸ್ಸು ಹತ್ತಿದ ಪ್ರಯಾಣಿಕರಂತೆ ಪಿಳಿಪಿಳಿ ಕಣ್ಣು ಬಿಟ್ಟವು. ಕೊನೆಗೆ ಹೆಂಡತಿಯ ಬಟ್ಟೆಯ ಕಪಾಟು ತೆರೆದ.

ಬೆನ್ನುನೋವೆಂದು ರಜೆ ಹಾಕಿ ಮನೆಯಲ್ಲಿ ಬಿದ್ದುಕೊಂಡಿದ್ದವನ ಕೈಗೆ ಸೂಜಿ ಕೊಟ್ಟವರು ಅವನ ಅತ್ತೆ. ‘ಸೂರು ನೋಡ್ಕೊಂಡು ನಿಟ್ಟುಸಿರು ಬಿಡೋ ಬದಲು ಇದನ್ನಾದ್ರೂ ಹೊಲೀರಿ’ ಎಂದು ಎರಡು ಚೂರು ಜೋಡಿಸಿ ತೋರಿಸಿದ್ದರು. ಅಷ್ಟೇ ಸಾಕಾಯಿತು. ಇಷ್ಟು ವರ್ಷ ಬಸ್ಸು ಓಡಿಸಿ ಅವನು ಏನನ್ನೂ ಮಾಡಿಟ್ಟಿರಲಿಲ್ಲ, ಜನರನ್ನು ಹತ್ತಿಸಿ ಇಳಿಸಿದ್ದ ಅಷ್ಟೇ. ಈಗ ತನ್ನ ಕೈಯಲ್ಲೇ ಒಂದು ವಸ್ತು ದಿನದಿನಕ್ಕೆ ದೊಡ್ಡದಾಗುತ್ತಿತ್ತು. ಸಂಜೆ ಅದನ್ನು ಮಂಚದ ಮೇಲೆ ಹರವಿ, ಮೊದಲ ಮಗುವನ್ನು ನೋಡುವ ಅಪ್ಪನಂತೆ ನಿಲ್ಲುತ್ತಿದ್ದ.

ಮಗುವಿಗೆ ಜಾಗ ಬೇಕಲ್ಲ. ಕೌದಿಯ ಚೂರುಗಳು ಮೊದಲು ಸಕ್ಕರೆ ಡಬ್ಬಿಗೆ ಹೋದವು, ಸಕ್ಕರೆ ಲೋಟಕ್ಕೆ ಬಂತು. ಚೌಕಳಿ ಬಟ್ಟೆ ಕುಕ್ಕರಿಗೆ, ಹೂವಿನದ್ದು ಟೀಪುಡಿ ಡಬ್ಬಿಗೆ, ಬಿಳಿಯದ್ದು ಫ್ಲಾಸ್ಕಿಗೆ. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಹೆಂಡತಿ ಒಂದು ದಿನ ಬ್ಯಾಂಡೇಜು ಹುಡುಕಿ ಔಷಧಿ ಡಬ್ಬಿ ತೆಗೆದರೆ ಒಳಗೆ ಯಾರದ್ದೋ ಪೈಜಾಮ.

‘ಈ ಮನೇಲಿ ಚಿಂದಿ ತುಂಬದೆ ಉಳಿದಿರೋದು ನನ್ನ ತಲೆ ಒಂದೇ ಕಣ್ರೀ’ ಎಂದಿದ್ದಳು. ‘ಇನ್ನೊಂದು ಡಬ್ಬಿ ಮುಟ್ಟಿದ್ರೆ, ಕೌದಿ ಸಮೇತ ಎಲ್ಲಾ ಕಸದ ಗಾಡಿಗೆ.’

ಆದ್ದರಿಂದ ಕಪಾಟು ತೆರೆಯುವಾಗ ಅವನಿಗೆ ಅಳುಕಿತ್ತು. ಆದರೆ ಅಲ್ಲಿ, ಎಲ್ಲದರ ಹಿಂದೆ, ಪ್ಲಾಸ್ಟಿಕ್ ಹೊದಿಕೆಯೊಳಗೆ ಉದ್ದನೆಯ ನೀಲಿ ಮಖಮಲ್ಲಿನ ಕೋಟು ತೂಗುತ್ತಿತ್ತು. ಅದನ್ನು ಅವನೆಂದೂ ನೋಡಿರಲಿಲ್ಲ. ಹೆಂಡತಿಯ ಕಪಾಟಿನಲ್ಲಿ ಏನಿದೆ ಎಂದು ನೋಡುವ ಅಭ್ಯಾಸವೇ ಅವನಿಗಿರಲಿಲ್ಲ. ಅಂಚಿನಲ್ಲಿ ಒಳಗೆ ಮಡಚಿದ ಬಟ್ಟೆ ಧಾರಾಳವಾಗಿತ್ತು. ಒಳಗಿನದ್ದನ್ನು ಯಾರು ನೋಡುತ್ತಾರೆ ಎಂದುಕೊಂಡು ಕತ್ತರಿ ಆಡಿಸಿದ. ಕತ್ತರಿಗೆ ಒಳಗು ಹೊರಗು ತಿಳಿಯುವುದಿಲ್ಲ. ಚೂರು ಕೈಗೆ ಬಂದಾಗ ಕೋಟಿನ ಅಂಚಿನಲ್ಲೊಂದು ಚೊಕ್ಕ ಕಿಟಕಿ ತೆರೆದಿತ್ತು. ಅದರೊಳಗಿಂದ ಅವನ ಬೆರಳುಗಳು ಅವನನ್ನೇ ನೋಡುತ್ತಿದ್ದವು.

ಕೋಟನ್ನು ಗಡಿಬಿಡಿಯಲ್ಲಿ ಹಿಂದಕ್ಕೆ ತಳ್ಳಿ, ಚೂರನ್ನು ಅಡುಗೆಮನೆಯ ಕಟ್ಟೆಯ ಮೇಲಿದ್ದ ಚಿತ್ರದ ಖಾಲಿ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು, ಮುಚ್ಚಳಕ್ಕೆ ಟೇಪು ಸುತ್ತಿ ಮಲಗಿದ.

ಮರುದಿನ ಬೆಳಗ್ಗೆ ಹೆಂಡತಿ ಚಪ್ಪಲಿ ಮೆಟ್ಟುತ್ತ ಹೇಳಿದಳು: ‘ಸಂಜೆ ನಮ್ಮ ಮೇಟ್ರನ್ ಅವರನ್ನ ಬೀಳ್ಕೊಡೋ ಪಾರ್ಟಿ ಇದೆ. ಬಂದ ತಕ್ಷಣ ಆ ನೀಲಿ ಕೋಟು ಹಾಕ್ಕೊಂಡು ಹೊರಡಬೇಕು. ಸ್ವಲ್ಪ ಗಾಳಿಗೆ ಹಾಕಿಡ್ತೀರಾ?’

‘ಯಾವ ಕೋಟು?’ ಎಂದ ಡ್ರೈವರ್. ಬ್ರೇಕು ಹಿಡಿಯದ ಬಸ್ಸಿನ ಸದ್ದು ಬಂತು ಅವನ ಗಂಟಲಿನಿಂದ.

‘ಇರೋದೇ ಒಂದು.’ ಅವಳು ಬಾಗಿಲು ಎಳೆದುಕೊಂಡು ಹೋದಳು.

ಗಾಬರಿಯಾಗಲು ಕಾರಣವಿಲ್ಲ ಎಂದು ಅವನು ತನಗೇ ಹೇಳಿಕೊಂಡ. ಅದೇ ಚೂರು, ಅದೇ ಕಿಟಕಿ. ಸಣ್ಣ ಹೊಲಿಗೆ ಹಾಕಿದರೆ ಮುಗಿಯಿತು. ಅಡುಗೆಮನೆಗೆ ಹೋದ. ಕಟ್ಟೆ ಖಾಲಿ.

ಕುಕ್ಕರು ತೆರೆದ, ಫ್ಲಾಸ್ಕು ತಲೆಕೆಳಗು ಮಾಡಿದ. ಮನೆಯ ಡಬ್ಬಿಗಳೆಲ್ಲ ಬಾಯಿ ತೆರೆದು ಚಿಂದಿ ಕಕ್ಕಿದವು. ನೀಲಿ ಮಾತ್ರ ಇಲ್ಲ.

‘ಅತ್ತೇ, ಇಲ್ಲಿದ್ದ ಬಿಸ್ಕತ್ತಿನ ಡಬ್ಬಿ?’

ಅತ್ತೆಗೆ ಕಿವಿ ಮಂದ. ‘ತಿಂಡಿ ಆಯ್ತಲ್ಲ ಅಳಿಯಂದ್ರೇ.’

‘ಡಬ್ಬಿ. ಬಿಸ್ಕತ್ತಿಂದು.’

‘ಓ, ಅದಾ. ಓನರಮ್ಮನಿಗೆ ಕೊಟ್ಟೆ. ನಿಮ್ಮ ಬೆನ್ನು ಹಿಡ್ಕೊಂಡಾಗ ಪಾಪ, ಸೂಪು ಮಾಡಿ ಕಳಿಸಿದ್ರು. ಅವರ ಪಾತ್ರೇನ ಬರಿಗೈಲಿ ವಾಪಸು ಕೊಡೋಕಾಗುತ್ತಾ?’

‘ಎತ್ತಿದಾಗ ಹಗುರ ಅನ್ನಿಸ್ಲಿಲ್ವಾ?’

‘ದುಬಾರಿ ಬಿಸ್ಕತ್ತು ಹಗುರವಾಗೇ ಇರುತ್ತೆ’ ಎಂದರು ಅತ್ತೆ, ಬಲ್ಲವರಂತೆ.

ಅಷ್ಟರಲ್ಲಿ ಫೋನು ಬಂತು. ಹೆಂಡತಿಯ ದನಿ ಬಹಳ ಮೆಲ್ಲಗಿತ್ತು. ಅವಳು ಕೂಗಿದರೆ ಅವನಿಗೆ ಅಷ್ಟು ಭಯವಿರಲಿಲ್ಲ.

‘ರೀ, ವಾರ್ಡಿನವರೆಲ್ಲ ಸೇರಿ ಟೀ ಕುಡಿಯೋಣ ಅಂತ ಕೂತು, ನನ್ನ ತಿಂಡಿ ಡಬ್ಬಿ ತೆಗೆದೆ. ಒಳಗೆ ಪಟ್ಟೆಪಟ್ಟೆ ಅಂಗಿ ಚೂರು. ಡಾಕ್ಟ್ರು ನೋಡಿ, ಪಥ್ಯಾನಾ ಸಿಸ್ಟರ್ ಅಂದ್ರು. ಸಂಜೆ ಬರ್ತೀನಿ.’

‘ಸಂಜೆ ಬರ್ತೀನಿ’ ಎಂಬ ಎರಡು ಮಾತು ಅವನ ಬೆನ್ನಹುರಿಯ ಮೇಲೆ ಇಳಿದು ನೋಯುವ ಜಾಗದಲ್ಲಿ ನಿಂತವು. ಸೊಂಟ ಹಿಡಿದುಕೊಂಡು, ಪ್ರಶ್ನಾರ್ಥಕ ಚಿಹ್ನೆಯಂತೆ ಬಾಗಿ, ಮಹಡಿ ಹತ್ತಿದ.

ಮನೆಯ ಮಾಲಕಿ ಓನರಮ್ಮ ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಒಬ್ಬರೇ ಇದ್ದರೂ ಬೀದಿಯ ಎಲ್ಲ ಮನೆಗಳಲ್ಲೂ ಇರುತ್ತಿದ್ದರು. ಯಾರ ಮನೆಯ ನಲ್ಲಿ ಸೋರಿದರೂ ಮೊದಲು ಕೇಳಿಸುತ್ತಿದ್ದುದು ಅವರ ಕಿವಿಗೆ.

‘ಬಿಸ್ಕತ್ತಾ? ನನಗೆ ಸಕ್ಕರೆ ಕಾಯಿಲೆ ಅಂತ ನಿಮ್ಮತ್ತೆಗೆ ಗೊತ್ತಿಲ್ವಾ? ಕೆಳಗೆ ಗಡಿಯಾರದವನಿಗೆ ಕೊಟ್ಬಿಟ್ಟೆ. ಪಾಪ, ಒಂಟಿ ಮನುಷ್ಯ. ಯಾಕೆ, ಕೊಟ್ಟಿದ್ದನ್ನ ವಾಪಸು ಕೇಳ್ತಿದ್ದೀರಾ?’

‘ಇಲ್ಲಮ್ಮ, ಬಿಸ್ಕತ್ತು ಹಳೇದು. ಅವರ ಹೊಟ್ಟೆ ಕೆಟ್ಟೀತು ಅಂತ.’

‘ಅಂದ್ರೆ ನನ್ನ ಹೊಟ್ಟೆ ಕೆಡಲಿ ಅಂತ ಕೊಟ್ಟಿದ್ರಾ?’

ಡ್ರೈವರ್ ರಿವರ್ಸಿನಲ್ಲೇ ಮೆಟ್ಟಿಲಿಳಿದ.

ಗಡಿಯಾರ ರಿಪೇರಿಯವನ ಅಂಗಡಿ ಅದೇ ಕಟ್ಟಡದ ಮೂಲೆಯಲ್ಲಿತ್ತು. ವಯಸ್ಸು ಮೀರಿದ ಬ್ರಹ್ಮಚಾರಿ. ಇವತ್ತು ಇಸ್ತ್ರಿ ಅಂಗಿ ತೊಟ್ಟು, ಉಳಿದ ನಾಲ್ಕು ಕೂದಲಿಗೆ ಎಣ್ಣೆ ಹಚ್ಚಿ, ಯಾವ ಗಡಿಯಾರವನ್ನೂ ಮುಟ್ಟದೆ ಗೋಡೆ ನೋಡಿ ನಗುತ್ತಿದ್ದ. ಎದುರಿಗೆ ಬಿಸ್ಕತ್ತಿನ ಡಬ್ಬಿ, ಬಾಯಿ ತೆರೆದು, ಖಾಲಿ.

‘ಇದರಲ್ಲೊಂದು ನೀಲಿ ಚೂರು ಇತ್ತು’ ಎಂದ ಡ್ರೈವರ್.

ಗಡಿಯಾರದವನ ಕೈ ತಟ್ಟನೆ ಎದೆಯ ಮೇಲೆ ಹೋಯಿತು. ‘ನಿಮಗೆ ಹೇಗೆ ಗೊತ್ತು?’

‘ಎಲ್ಲಿದೆ?’

‘ಇರೋ ಜಾಗದಲ್ಲಿದೆ. ಓನರಮ್ಮ ಇಷ್ಟು ದಿನ ಕಿಟಕಿಯಿಂದ ನೋಡ್ತಿದ್ದಾಗ ಬೀದಿ ನೋಡ್ತಾರೆ ಅಂದ್ಕೊಂಡಿದ್ದೆ. ಬಾಯಿಬಿಟ್ಟು ಹೇಳೋಕೆ ನಾಚಿಕೆ ಆಗಿರ್ಬೇಕು. ಅದಕ್ಕೇ ಡಬ್ಬೀಲಿ ಮಖಮಲ್ಲಿಟ್ಟು, ಟೇಪು ಸುತ್ತಿ, ಕೈಯಾರೆ ತಂದುಕೊಟ್ರು. ಎಷ್ಟು ಮೆತ್ತಗಿದೆ ಗೊತ್ತಾ?’

ಅವನ ಮುಖದಲ್ಲಿದ್ದ ಬೆಳಕು ಕಂಡು ಡ್ರೈವರ್ ಬಾಗಿಲ ಕಡೆ ಒಂದು ಹೆಜ್ಜೆ ಹಿಂದಿಟ್ಟ. ಆದರೆ ಹೊತ್ತು ಸರಿಯುತ್ತಿತ್ತು. ‘ಅದು ನನ್ನದು ಸ್ವಾಮೀ’ ಎಂದ.

ಗಡಿಯಾರದವನು ಇವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿಕೊಂಡ. ‘ನಿಮ್ಮದಾ?’

‘ಅಯ್ಯೋ, ಹಾಗಲ್ಲ. ನನ್ನ ಹೆಂಡತಿ ಕೋಟಿಂದು.’

‘ಏನಾಯ್ತು ಹೆಂಡತಿ ಕೋಟಿಗೆ?’ ಬಾಗಿಲಿನಿಂದ ದನಿ ಬಂತು. ಓನರಮ್ಮ, ಕೆಡದ ಅಲಾರಾಂ ಗಡಿಯಾರವೊಂದನ್ನು ನೆಪಕ್ಕೆ ಹಿಡಿದುಕೊಂಡು ನಿಂತಿದ್ದರು.

ಇನ್ನು ಮುಚ್ಚಿಡುವಂತಿರಲಿಲ್ಲ. ಡ್ರೈವರ್ ಕತ್ತರಿಯಿಂದ ಹಿಡಿದು ಬಿಸ್ಕತ್ತಿನ ಡಬ್ಬಿಯವರೆಗೆ ಒಂದೇ ಉಸಿರಿನಲ್ಲಿ ಹೇಳಿದ. ಮಾತು ಮುಗಿಯುತ್ತಿದ್ದಂತೆ ಗಡಿಯಾರದವನು ಗೋಡೆಗೆ ಮುಖ ಮಾಡಿ, ಅಂಗಿಯೊಳಗೆ ಕೈ ಹಾಕಿ, ಮುದುಡಿದ ಚೂರನ್ನು ಮುಷ್ಟಿಯಲ್ಲೇ ಮುಚ್ಚಿ ಡ್ರೈವರನ ಅಂಗೈಗೆ ತುರುಕಿದ. ಮತ್ತೆ ಯಾರ ಕಡೆಗೂ ನೋಡದೆ ಕಣ್ಣಿಗೆ ಲೆನ್ಸು ಸಿಕ್ಕಿಸಿಕೊಂಡ.

ಓನರಮ್ಮನಿಗೆ ಮಾತ್ರ ಹಬ್ಬ. ‘ನಾನೇನೂ ಬಾಯಿ ಬಿಡಲ್ಲ, ಹೆದರ್ಬೇಡಿ. ಅಂಥಾ ದೊಡ್ಡ ಕೋಟೇನ್ರೀ ಅದು?’

ಪಾರಾದ ಸಂತೋಷದಲ್ಲಿ ಡ್ರೈವರನ ನಾಲಿಗೆ ಇಳಿಜಾರಿನಲ್ಲಿ ಗೇರು ಬಿಟ್ಟಿತು. ‘ಕೋಟಂತೆ ಕೋಟು. ಸರ್ಕಸ್ಸಿನವರು ಡೇರೆ ಕಿತ್ತಾಗ ಮರೆತು ಬಿಟ್ಟುಹೋದ ಹಾಗಿದೆ. ಹಾಕ್ಕೊಂಡ್ರೆ ಹಿಂದಿನಿಂದ ಆನೆ ಬರುತ್ತೇನೋ ಅನ್ನಿಸುತ್ತೆ. ದುಡ್ಡು ಕೊಟ್ಟು ಯಾರು ತಗೋತಾರೋ.’

ಓನರಮ್ಮ ಗೋಡೆ ಹಿಡಿದು ನಕ್ಕರು. ‘ನಿಮ್ಮಾಕೆಗೆ ಬಟ್ಟೆ ಆರಿಸೋಕೆ ಬರಲ್ಲ ಅಂತ ನನಗೆ ಮೊದಲೇ ಅನುಮಾನ ಇತ್ತು. ಹೋಗಿ, ಹೊಲೀರಿ.’

ಅವನು ಹೊಲಿದ. ಇಷ್ಟು ದಿನ ಕಲಿತದ್ದನ್ನೆಲ್ಲ ಆ ಕಿಟಕಿಗೆ ಸುರಿದ. ಮಖಮಲ್ಲಿನ ರೋಮ ಬಾಗುವ ದಿಕ್ಕು ನೋಡಿ ಚೂರು ಕೂರಿಸಿ, ಎಳೆ ಕಾಣದಂತೆ ಒಳಗಿನಿಂದಲೇ ಸೂಜಿ ಆಡಿಸಿದ. ಮುಗಿಸಿ ಬೆಳಕಿಗೆ ಹಿಡಿದರೆ ಅವನಿಗೇ ಜಾಗ ಗುರುತು ಸಿಗಲಿಲ್ಲ. ಬೆನ್ನು ನೋವು ಕೂಡ ಎಲ್ಲೋ ಇಳಿದುಹೋದಂತಿತ್ತು.

ಹೆಂಡತಿ ಬಂದಳು. ತಿಂಡಿ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟಳು. ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿದಳು. ಅವನ ಕಣ್ಣು ಕೋಟಿನ ಅಂಚಿನ ಮೇಲೇ ಇತ್ತು. ಅವಳ ಮುಖ ಅರಳಿತು.

‘ಚೆನ್ನಾಗಿದೆ ಅಲ್ವಾ?’

‘ರಾಣಿ ಥರ ಇದ್ದೀಯ’ ಎಂದ ಡ್ರೈವರ್. ಆ ಗಳಿಗೆಯಲ್ಲಿ ಅದು ಸುಳ್ಳೂ ಆಗಿರಲಿಲ್ಲ.

‘ಹೋಗ್ಲಿ ಬಿಡಿ, ತಿಂಡಿ ಡಬ್ಬಿ ವಿಷಯ ನಾಳೆ ಮಾತಾಡೋಣ. ಇವತ್ತು ನನಗೆ ಖುಷಿಯಾಗಿದೆ.’ ಅವಳು ಚೀಲ ಎತ್ತಿಕೊಂಡು, ಬೀದಿಯ ಬಾಗಿಲಿಗೆ ಹೋಗದೆ ಮಹಡಿಯ ಮೆಟ್ಟಿಲ ಕಡೆ ತಿರುಗಿದಳು.

‘ಅಲ್ಲೆಲ್ಲಿ ಹೊರಟೆ?’

‘ಓನರಮ್ಮನಿಗೆ ಒಂದ್ಸಲ ತೋರಿಸಿ ಬರ್ತೀನಿ. ಕೋಟು ಅವರದ್ದೇ ಅಲ್ವಾ. ಅವರ ಯಜಮಾನ್ರು ಕಡೇ ಸಲ ತಂದುಕೊಟ್ಟಿದ್ದಂತೆ, ಪಾಪ ಯಾರಿಗೂ ಕೊಡಲ್ಲ. ನಾನು ಕೇಳ್ದೆ ಅಂತ ಒಂದೇ ಒಂದು ಸಂಜೆಗೆ ಕೊಟ್ಟಿದ್ದಾರೆ.’

ಅವಳು ಮೆಟ್ಟಿಲು ಹತ್ತುವ ಸದ್ದು ಕೇಳಿಸಿತು. ಮೇಲೆ ಕದ ತೆರೆಯಿತು. ‘ಬಾಮ್ಮ, ಬಾ’ ಎಂದು ಓನರಮ್ಮ ನಗುತ್ತಲೇ ಸ್ವಾಗತಿಸಿದರು. ನಗು ಅರ್ಧಕ್ಕೆ ನಿಂತಿತು. ಆಮೇಲೆ ಓನರಮ್ಮನ ದನಿ ತಗ್ಗಿ, ಪಿಸುಪಿಸು ಮಾತು ಶುರುವಾಯಿತು.

‘ರೀ’ ಎಂದಳು ಕೊನೆಗೆ ಹೆಂಡತಿ, ಮಹಡಿಯ ಕಟ್ಟೆಯಿಂದ, ಬಹಳ ಮೆಲ್ಲಗೆ. ‘ಸ್ವಲ್ಪ ಮೇಲೆ ಬರ್ತೀರಾ? ಆನೆ ಯಾವುದು ಅಂತ ಓನರಮ್ಮ ಕೇಳ್ತಿದ್ದಾರೆ.’

ಡ್ರೈವರ್ ಏಳಲು ನೋಡಿದ. ಬೆನ್ನು ಹಿಡಿದುಕೊಂಡಿತು.