ಹುಲ್ಲು ಮೇಯ್ದ ಮರಿ ಮತ್ತು ನಮ್ಮ ಮನೆಯ ಪಥ್ಯ

ಮಾರ್ಚ್ ಹನ್ನೆರಡು. ನನ್ನ ಹಳೆಯ ಡೈರಿಯ ಆ ಪುಟದಲ್ಲಿ ಮೂರೇ ಸಾಲುಗಳಿವೆ. "ಇವರ ಕಣ್ಣಿನ ಆಪರೇಷನ್ ಮುಂದಕ್ಕೆ ಹೋಯಿತು. ಸಕ್ಕರೆ ಜಾಸ್ತಿ. ಊಟಕ್ಕೆ ಮೈದುನ ಬಂದಿದ್ದ." ಮೊದಲ ಎರಡು ಸಾಲನ್ನು ಹಣೆಬರಹ ಎಂದು ಬಿಡಬಹುದು. ಮೂರನೆಯ ಸಾಲು ನೋಡಿದರೆ ಇವತ್ತಿಗೂ ಮೈ ಉರಿಯುತ್ತದೆ. ನಮ್ಮ ಮನೆತನದಲ್ಲಿ ಇದು ಹೊಸದಲ್ಲ. ಒಬ್ಬರಿಗೆ ಕೆಮ್ಮು ಬಂದರೆ ಸಾಕು, ಶಾಲೆಯಲ್ಲಿ ವಿಜ್ಞಾನದ ಪಿರಿಯಡ್ ತಪ್ಪಿಸಿ ಓಡಿಹೋದವರೆಲ್ಲ ಡಾಕ್ಟರಾಗಿ ತಿರುಗಿ ಬರುತ್ತಾರೆ.

ನಾನು ಬಿ.ಎಸ್ಸಿ. ಮಾಡಿದವಳು. ನಮ್ಮ ಓಣಿಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹುಡುಗಿ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ಹೆಡ್‌ಮಿಸ್ ಆಗಿ ರಿಟೈರ್ ಆದೆ. ಮನೆಯಲ್ಲಿ ಯಾರಿಗೆ ಎಷ್ಟು ಜ್ವರ, ಯಾರು ಯಾವ ಗುಳಿಗೆ ನುಂಗಿದರು, ಎಲ್ಲವೂ ನನ್ನ ಡೈರಿಯಲ್ಲಿದೆ. ಇವರು, ಅಂದರೆ ನನ್ನ ಯಜಮಾನರು, ಮಾನ್ವಿಯ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸಿದವರು. ಈಗ ನಾವು ರಾಯಚೂರಿನಲ್ಲಿದ್ದೇವೆ.

ಇವರಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದು ಬೆಳಿಗ್ಗೆ ಪಕ್ಕದ ಮನೆಯವರು ತಂತಿಯ ಮೇಲೆ ಒಣಹಾಕಿದ್ದ ನೈಟಿಗೆ ಕೈ ಮುಗಿದು, "ಆರಾಮ ಇದ್ದೀರೇನ್ರೀ" ಎಂದು ಕೇಳಿದರು. ಉತ್ತರ ಬರಲಿಲ್ಲ. "ಭಾಳ ಸೊಕ್ಕು ಬಂದದ ಅವರಿಗೆ" ಎಂದು ಒಳಗೆ ಬಂದು ಮುಖ ಊದಿಸಿಕೊಂಡು ಕೂತರು. ಅವತ್ತು ನಾನು ನಕ್ಕೆ. ಇನ್ನೊಂದು ದಿನ ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು ಅವಳ ಮುಖ ಬರೆಯಲು ಹೋದವರು, ಕಿವಿಯನ್ನು ಎಲ್ಲಿಡಬೇಕೋ ತಿಳಿಯದೆ ಪೆನ್ಸಿಲ್ ಕೆಳಗಿಟ್ಟರು. ಅವತ್ತು ನಗು ಬರಲಿಲ್ಲ.

ಡಾಕ್ಟರು ಹೇಳಿದ್ದು ಸರಳ. "ಸಕ್ಕರೆ ಇಷ್ಟಿದ್ದರ ಕಣ್ಣಿಗೆ ಕೈ ಹಚ್ಚಂಗಿಲ್ಲ. ಗುಳಿಗಿ ತಪ್ಪಿಸಬ್ಯಾಡ್ರಿ. ಕಾರ್ಬೋಹೈಡ್ರೇಟ್ ಕಡಿಮಿ ಮಾಡ್ರಿ. ಅನ್ನ, ರೊಟ್ಟಿ ಕಡಿಮಿ. ಪಲ್ಯ, ತತ್ತಿ, ಬ್ಯಾಳಿ, ಬೇಕಾದರ ಮಟನ್ ಇರಲಿ." ಇದನ್ನು ನಾನು ಊಟದ ಹೊತ್ತಿನಲ್ಲಿ ಮೈದುನನ ಮುಂದೆ ಹೇಳಿದೆ. ಅಲ್ಲಿಗೆ ಕೆಟ್ಟಿತು. ಅವನಿಗೆ ಮೊಬೈಲ್ ಬಿಟ್ಟು ಬೇರೆ ಗುರುವಿಲ್ಲ.

"ಅತ್ತಿಗಿ, ಇದಕ್ಕ ಲೋ ಕಾರ್ಬ್ ಅಂತಾರ. ಆದರ ಮಟನ್ ಎಂಥದು ಅನ್ನೋದು ಮುಖ್ಯ. ಹುಲ್ಲು ಮೇಯ್ದ ಮರಿ ಆದರ ಔಷಧ. ಕಾಳು ತಿಂದ ಮರಿ ಆದರ ವಿಷ."

"ಮರಿ ಹುಲ್ಲು ತಿಂದಿರಲಿ, ಕಾಳು ತಿಂದಿರಲಿ, ಮಾಂಸದಾಗ ಲೆಕ್ಕಕ್ಕ ಸಿಗೋವಷ್ಟು ಕಾರ್ಬೋಹೈಡ್ರೇಟ್ ಇರಂಗಿಲ್ಲಪ್ಪ. ಕೊಬ್ಬಿನಾಗ ತುಸು ಫರಕ್ ಇರಬಹುದು. ನಿಮ್ಮ ಅಣ್ಣನ ಸಕ್ಕರಿಗಿ ಸಂಬಂಧ ಇರೋದು ತಾಟಿನಾಗಿನ ಅನ್ನಕ್ಕ" ಎಂದೆ.

ಅವನು ನನ್ನನ್ನು ನೋಡಿ ಕನಿಕರದಿಂದ ನಕ್ಕ. "ನೀವು ಓದಿದ್ದು ಹಳೇ ಸಿಲಬಸ್ಸು ಅತ್ತಿಗಿ."

ಖರಾಬ್

ಮುಂದಿನ ಭಾನುವಾರ ಮಟನ್ ತರಲು ನನ್ನ ಜೊತೆ ತಾನೂ ಬಂದ. ನಾವು ಮೊದಲಿನಿಂದಲೂ ಹೋಗುವ ಅಂಗಡಿ ಅದು. ಮುಂದೆ ಗಿರಾಕಿಗಳು ಸಾಲಾಗಿ ನಿಂತಿದ್ದರು. ಇವನು ಅವರ ತಲೆಯ ಮೇಲಿಂದಲೇ ಕೂಗಿದ.

"ಲೋ ಕಾರ್ಬ್ ಮಟನ್ ಬೇಕಾಗಿತ್ತು."

ಅಂಗಡಿಯವನ ಕತ್ತಿ ಮೇಲೆಯೇ ನಿಂತಿತು. "ಏನಂದ್ರಿ? ಖರಾಬ್?"

"ಹೌದು, ಕಾರ್ಬ್. ಅದು ಕಡಿಮಿ ಇರಬೇಕು."

"ಕಡಿಮಿ ಅಂದ್ರ? ನಮ್ಮ ಅಂಗಡ್ಯಾಗ ಖರಾಬ್ ಮಾಲ್ ಇಲ್ಲೇ ಇಲ್ಲರೀ. ನಮ್ಮ ಅಜ್ಜನ ಕಾಲದಿಂದ ಇಲ್ಲ."

"ಹಂಗಲ್ಲಪ್ಪ. ಕಾಳು ತಿಂದ ಮರ್ಯಾಗ ಖರಾಬ್ ಜಾಸ್ತಿ ಇರತದಂತ." ಮಾತಿನ ಭರದಲ್ಲಿ ಇವನೂ ಖರಾಬ್ ಎಂದೇ ಅನ್ನತೊಡಗಿದ್ದ.

ಸಾಲಿನಲ್ಲಿ ಮುಂದಿದ್ದ ಹೆಂಗಸು ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ನಡೆದಳು. ಅವಳ ಹಿಂದಿನವನು, "ಮಾಸ್ತರ ಮನಿಯವರೇ ಹೇಳಾಕತ್ತಾರಂದ್ರ ಏನೋ ಇರಬೇಕು" ಎಂದು ಹೊರಟ. ನೋಡನೋಡುತ್ತ ನಾವಿಬ್ಬರೇ ಉಳಿದೆವು. ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. ಕಾರ್ಬೋಹೈಡ್ರೇಟ್ ಎಂದರೇನೆಂದು ಅಲ್ಲಿಯೇ ನಿಂತು ಪಾಠ ಮಾಡಿ, ಮೈದುನನ ಪರವಾಗಿ ಕ್ಷಮೆ ಕೇಳಿದೆ.

ಅಂಗಡಿಯವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಮೈದುನನನ್ನು ಹತ್ತಿರ ಕರೆದು ಮೆತ್ತಗೆ ಹೇಳಿದ: "ನಿಮ್ಮ ಮ್ಯಾಲ ಸಿಟ್ಟಿಲ್ಲ ಸಾಹೇಬ್ರ. ಒಂದು ಕೆಲಸ ಮಾಡ್ರಿ. ಆ ಎದುರಿನ ಅಂಗಡಿಗಿ ಹೋಗಿ ಇದೇ ಮಾತು, ಹಿಂಗೇ ಜೋರಾಗಿ ಕೇಳಿ ಬರ್ರಿ. ಒಂದು ಕಿಲೋ ಪುಕ್ಕಟ ಕೊಡ್ತೀನಿ."

ಖಾರ

ದೇವದುರ್ಗದಲ್ಲಿ ನನ್ನ ನಾದಿನಿ ಇದ್ದಾಳೆ. ಅಣ್ಣನ ಮೇಲೆ ಜೀವ. ಅಣ್ಣನ ಕಣ್ಣಿನ ಸುದ್ದಿ ಕೇಳಿ, ಊಟಕ್ಕೆ ಬರಲೇಬೇಕೆಂದು ಹಟ ಹಿಡಿದಳು. "ಪಥ್ಯದ ಊಟವೇ ಮಾಡ್ತೀನಿ, ತಮ್ಮ ಫೋನಿನಾಗ ಎಲ್ಲಾ ಹೇಳ್ಯಾನ" ಎಂದಳು. ತಮ್ಮ ಹೇಳಿದ್ದಾನೆ ಎಂದಾಗಲೇ ನಾನು ಹೋಗುವುದನ್ನು ನಿಲ್ಲಿಸಬೇಕಿತ್ತು.

ಬಸ್ಸು ಗಬ್ಬೂರಿನಲ್ಲಿ ನಿಂತಾಗ ಇವರು ಮಿರ್ಚಿ ಭಜಿಯ ವಾಸನೆ ಹಿಡಿದು ಕಿಟಕಿಯ ಹೊರಗೆ ಕತ್ತು ಚಾಚಿದರು. ಕಣ್ಣು ಮಂಜಾದವರಿಗೆ ಮೂಗು ಹೀಗೆ ಚುರುಕಾಗುತ್ತದೆಂದು ಯಾವ ಪುಸ್ತಕದಲ್ಲೂ ನಾನು ಓದಿಲ್ಲ. ತೋಳು ಹಿಡಿದು ಒಳಗೆಳೆದು ಕೂರಿಸಿದೆ.

ನಾದಿನಿಯ ಮನೆಯಲ್ಲಿ ತಾಟು ಬಂತು. ಮಟನ್ ಬೆಳ್ಳಗಿತ್ತು. ಸಾರು ನೀರಿನಂತಿತ್ತು. ಪಕ್ಕದಲ್ಲಿ ಅನ್ನದ ಗುಡ್ಡ, ಅದರ ಪಕ್ಕದಲ್ಲಿ ನಾಲ್ಕು ರೊಟ್ಟಿ, ಬಟ್ಟಲು ತುಂಬ ರವೆ-ಬೆಲ್ಲದ ಸಜ್ಜಕ.

"ಏನವ್ವಾ ಇದು?" ಎಂದೆ.

"ಲೋ ಖಾರ" ಎಂದಳು ಹೆಮ್ಮೆಯಿಂದ. "ಒಂದು ಚಿಟಿಕಿ ಖಾರ ಹಾಕಿಲ್ಲ ನೋಡು. ಮಸಾಲಿ ಡಬ್ಬಿ ಮುಟ್ಟಿದ ಚಮಚಾ ಸುದ್ದಾ ತೊಳದೀನಿ. ಸಪ್ಪನ್ನ ಊಟ ಅಣ್ಣಗ ಸೇರಂಗಿಲ್ಲಂತ ಬಾಯಿಗಿ ಒಂದೀಟು ಸಜ್ಜಕ ಮಾಡೀನಿ."

ನಾನು ಬಾಯಿ ತೆರೆಯುವುದರೊಳಗೆ ಇವರು ಸಜ್ಜಕ ಮುಗಿಸಿದ್ದರು. "ಡಾಕ್ಟರ್ ಹೇಳ್ಯಾರ ಅಂದಮ್ಯಾಲ ಕೇಳಬೇಕು" ಎನ್ನುತ್ತ ಅನ್ನಕ್ಕೆ ಕೈ ಹಾಕಿದರು. ತಂಗಿ ಎದುರಿಗೆ ಕಣ್ಣೀರು ತುಂಬಿಕೊಂಡು ಕೂತಿದ್ದಳು, ನಾನು ತಾಟು ಎಳೆದುಕೊಂಡರೆ ಜಗಳವಾಗುತ್ತಿತ್ತು. ಆದರೂ ಎರಡು ರೊಟ್ಟಿ ಎತ್ತಿಟ್ಟೆ. ಇವರು ನನ್ನ ಕಡೆ ನೋಡಲಿಲ್ಲ, ನೋಡಿದರೂ ಕಾಣುತ್ತಿರಲಿಲ್ಲ.

ರಾಯಚೂರಿಗೆ ಬಂದು ಬೆರಳು ಚುಚ್ಚಿ ನೋಡಿದರೆ, ಸಕ್ಕರೆ ಆಪರೇಷನ್ ಮುಂದೂಡಿದ ದಿನಕ್ಕಿಂತ ಮೇಲಿತ್ತು. ನಾದಿನಿಗೆ ಫೋನ್ ಮಾಡಿ ಬೈದೆ. ಅವಳು ಅಳುತ್ತ ಕೇಳಿದಳು, "ಖಾರ ಬಿಟ್ಟರೂ ಸಾಲಲಿಲ್ಲೇನು? ಹಂಗಾದರ ಮುಂದಿನ ಸಲ ಉಪ್ಪೂ ಬಿಡ್ತೀನಿ ಬಿಡು."

ಮಾನ್ವಿ ಸಂತೆ

ಅಂಗಡಿ ಮಟನ್ ನಂಬಬಾರದು, ಜೀವಂತ ಮರಿಯನ್ನೇ ತರಬೇಕು ಎಂದು ಮೈದುನ ತೀರ್ಮಾನಿಸಿದ. ಚೀಕಲಪರ್ವಿಯ ಹೊಳೆ ದಂಡೆಯಲ್ಲಿ ಮೇಯ್ದ ಮರಿಗಳು ಮಾನ್ವಿ ಸಂತೆಗೆ ಬರುತ್ತವೆಂದು ಯಾರೋ ಹೇಳಿದ್ದರು. ನಾನು ಬೇಡವೆಂದೆ. ಇವರು, "ನಮ್ಮ ಮಾನ್ವಿ ಅಲ್ಲೇನು, ಹೋಗೋಣ ನಡಿ" ಎಂದರು. ಅಣ್ಣತಮ್ಮ ಒಂದಾದರೆ ಆ ಮನೆಯಲ್ಲಿ ಬಿ.ಎಸ್ಸಿ.ಗೆ ಬೆಲೆಯಿಲ್ಲ.

ಸಂತೆಯಲ್ಲಿ ಮೈದುನ ಒಂದು ಟಗರು ಮರಿಯ ಬಾಯಿ ತೆರೆದು ಹಲ್ಲು ನೋಡಿದ, ನಾಲಿಗೆ ನೋಡಿದ, ಮೂಸಿಯೂ ನೋಡಿದ. ಮಾರುವವನನ್ನು ಕೇಳಿದ, "ಇದು ಹುಲ್ಲು ತಿಂದದ್ದೋ, ಕಾಳು ತಿಂದದ್ದೋ?"

"ನಿಮಗ ಯಾವುದು ಬೇಕ್ರಿ?"

"ಹುಲ್ಲು."

"ಹುಲ್ಲು ಬಿಟ್ಟು ಇದು ಬ್ಯಾರೆ ಏನೂ ಮುಟ್ಟಿಲ್ಲರೀ. ಹೊಳಿ ದಂಡಿ ಹಸರು ಹುಲ್ಲು."

ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಬಂದ. "ಕಾಳು ಹಾಕಿ ಮೇಯಿಸಿದ ಮರಿ ಅದೇನಪ್ಪ? ಒಳ್ಳೆ ನೆಣ ಬೇಕು."

"ಇದೇ ಅದಲ್ರಿ" ಎಂದು ಅವನು ಅದೇ ಮರಿಯ ಬೆನ್ನು ತಟ್ಟಿದ. "ಹುಟ್ಟಿದಾಗಿಂದ ಬರೇ ಕಡ್ಲಿ, ಜ್ವಾಳ. ಹುಲ್ಲು ಕಂಡರ ಮಾರಿ ತಿರುವತದ."

ಮೈದುನ ಅವನ ಕೈ ಹಿಡಿದ. "ನಮ್ಮ ಮುಂದ ಒಂದು, ಅವರ ಮುಂದ ಒಂದು ಹೇಳ್ತೀಯಲ್ಲ?"

ಅವನಿಗೆ ನಾಚಿಕೆಯಾಗಲಿಲ್ಲ. "ಮರಿ ಒಂದೇ ಅದ, ಗಿರಾಕಿ ಇಬ್ಬರು ಇದ್ದೀರಿ. ನಾ ಯಾರ ಮನಸ್ಸು ಮುರೀಲಿ ಹೇಳ್ರಿ."

ಇಷ್ಟಾದ ಮೇಲೂ ಮೈದುನ ಅದನ್ನೇ ಕೊಂಡ, ಆ ಇನ್ನೊಬ್ಬನಿಗೆ ಹೋಗಿಬಿಡುತ್ತದೆಂದು ಹೆಚ್ಚು ದುಡ್ಡು ಕೊಟ್ಟು. ದುಡ್ಡು ನನ್ನ ಪರ್ಸಿನದು.

ಹಿಂಡಿ

ಕಾಳಿನ ಅನುಮಾನ ಇದ್ದುದರಿಂದ ಮರಿಯನ್ನು ಕೂಡಲೇ ಕೊಯ್ಯುವಂತಿಲ್ಲ, ಕೆಲವು ವಾರ ಬರೀ ಹುಲ್ಲು ಹಾಕಿ ಮೈ ಶುದ್ಧ ಮಾಡಬೇಕು ಎಂದು ಮೈದುನನ ಅಪ್ಪಣೆಯಾಯಿತು. ಮರಿಯನ್ನು ನಮ್ಮ ಅಂಗಳದ ಬೇವಿನ ಮರಕ್ಕೆ ಕಟ್ಟಿದ. ಅಣ್ಣನ ಪಥ್ಯ, ಮರಿಯ ಪಥ್ಯ ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ಮರಕ್ಕೆ ಅಂಟಿಸಿದ. ಅವನು ಗೇಟು ದಾಟುವುದರೊಳಗೆ ಮರಿ ಆ ಹಾಳೆಯನ್ನು ತಿಂದಿತು. ಅವನ ಪಥ್ಯವನ್ನು ಪೂರ್ತಿ ಅರಗಿಸಿಕೊಂಡ ಜೀವ ನಮ್ಮ ಮನೆಯಲ್ಲಿ ಅದೊಂದೇ.

ರಾಯಚೂರಿನ ಬೇಸಿಗೆಯಲ್ಲಿ ಹಸಿ ಹುಲ್ಲು ಎಂದರೆ ಬಂಗಾರ. ದಿನಾ ಕೊಂಡು ತಂದು ಹಾಕಿದೆ. ಇವರಿಗೆ ತಾಟಿನಲ್ಲಿ ಒಂದೇ ರೊಟ್ಟಿ, ಪಲ್ಯ, ಬೇಳೆ, ತತ್ತಿ. ಮರಿ ಬಂದ ಮೇಲೆ ಇವರು ಒಳ್ಳೆಯ ಹುಡುಗನಂತಾಗಿಬಿಟ್ಟರು. ಅನ್ನ ಕೇಳಲಿಲ್ಲ, ಜಗಳ ತೆಗೆಯಲಿಲ್ಲ. ಒಳಗೆ ಸೆಕೆ ಎಂದು ಹೊರಗೆ ಬೇವಿನ ನೆರಳಿನಲ್ಲಿ, ಮರಿಯ ಪಕ್ಕದಲ್ಲಿ ಹೊರಸು ಹಾಕಿಕೊಂಡು ಕೂರುವುದು.

ಒಂದು ದಿನ ಹೇಳಿದರು, "ಪಾಪ ಮರಿ, ಹುಲ್ಲಿಗೆ ಹೊಟ್ಟಿ ತುಂಬವಲ್ದು. ಒದರಾಕತ್ತದ. ಎರಡು ರೊಟ್ಟಿ ಕೊಡು, ತಮ್ಮಗ ಹೇಳಬ್ಯಾಡ."

ಮರಿ ಏನು ತಿಂದರೂ ಫರಕಿಲ್ಲ ಎಂದು ಮೊದಲಿಂದ ಹೇಳಿದವಳೇ ನಾನು. ಕೊಟ್ಟೆ. ಎರಡು ನಾಲ್ಕಾಯಿತು. ಮರಿ ಕಟಕ್ ರೊಟ್ಟಿ ತಿನ್ನುವುದಿಲ್ಲ, ಮೆತ್ತನ್ನ ಬಿಸಿ ರೊಟ್ಟಿಯೇ ಬೇಕು ಎಂದರು. ಅದನ್ನೂ ಬಡಿದು ಕೊಟ್ಟೆ.

ಆದರೆ ಡೈರಿಯಲ್ಲಿ ಸಕ್ಕರೆ ಇಳಿಯಲಿಲ್ಲ. ಮಿಷನ್ ಕೆಟ್ಟಿದೆ ಎಂದುಕೊಂಡು ನನ್ನ ಬೆರಳು ಚುಚ್ಚಿಕೊಂಡೆ, ನನ್ನದು ಸರಿಯಿತ್ತು. ಗುಳಿಗೆ ನಕಲಿ ಇರಬೇಕೆಂದು ಔಷಧದಂಗಡಿಯವನ ಜೊತೆ ಜಗಳ ಮಾಡಿ ಬಂದೆ. ಇತ್ತ ಮರಿಯ ಪಕ್ಕೆಲುಬು ಎಣಿಸಬಹುದಿತ್ತು. ನಾಲ್ಕು ರೊಟ್ಟಿ ತಿನ್ನುವ ಮರಿ ಸೊರಗುತ್ತಿದೆ, ಒಂದು ರೊಟ್ಟಿ ತಿನ್ನುವ ಗಂಡನ ಸಕ್ಕರೆ ಏರುತ್ತಿದೆ. ವಿಜ್ಞಾನದ ಟೀಚರಿಗೆ ಇಷ್ಟು ಸಾಕಿತ್ತು. ಆದರೆ ಕಣ್ಣು ಕಾಣದೆ ಕೂತಿರುವ ಮನುಷ್ಯ ಮರಿಯ ಹೆಸರಿನಲ್ಲಿ ಮೋಸ ಮಾಡುತ್ತಾನೆಂದು ಯಾರಿಗೆ ಹೊಳೆಯುತ್ತದೆ?

ಆಮೇಲೊಂದು ದಿನ ಕೇಳಿದರು, "ಮರಿಗಿ ಬರೇ ರೊಟ್ಟಿ ಸೇರವಲ್ದು. ಜೋಡಿ ಒಂದೀಟು ಶೇಂಗಾ ಹಿಂಡಿ ಹಾಕು."

ನಮ್ಮ ಕಡೆ ಶೇಂಗಾ ಹಿಂಡಿ ಎಂದರೆ ಎರಡು. ಶೇಂಗಾ, ಬೆಳ್ಳುಳ್ಳಿ, ಖಾರ ಹಾಕಿ ಕುಟ್ಟಿದ ಚಟ್ನಿಪುಡಿಗೂ ಹಿಂಡಿ ಎನ್ನುತ್ತೇವೆ. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿದು, ದನಗಳಿಗೆ ಹಾಕುವುದೂ ಹಿಂಡಿಯೇ. ಮರಿಗೆ ಎಂದರಲ್ಲ, ನಾನು ಬಜಾರಿಗೆ ಹೋಗಿ ದನದ ಹಿಂಡಿ ಒಂದು ಕಿಲೋ ತಂದು, ಪುಡಿ ಮಾಡಿ, ಬಟ್ಟಲಿಗೆ ಹಾಕಿ, ನಾಲ್ಕು ಬಿಸಿ ರೊಟ್ಟಿಯ ಜೊತೆ ಹೊರಸಿನ ಮೇಲಿಟ್ಟು ಒಳಗೆ ಬಂದೆ.

ಸ್ವಲ್ಪ ಹೊತ್ತಿಗೆ ಹೊರಗಿನಿಂದ ಸಿಟ್ಟಿನ ದನಿ ಬಂತು.

"ಏ, ಎಂಥ ಹಿಂಡಿ ಮಾಡೀ ಇದು? ಉಪ್ಪಿಲ್ಲ, ಖಾರಿಲ್ಲ, ಬಳ್ಳೊಳ್ಳಿ ವಾಸನಿ ಸುದ್ದಾ ಇಲ್ಲ. ಹಲ್ಲಿಗಿ ಅಂಟಾಕತ್ತದ."

ಬಾಗಿಲಿಗೆ ಬಂದೆ. ಒಂದು ಕೈಯಲ್ಲಿ ಅರ್ಧ ರೊಟ್ಟಿ, ಮೀಸೆಯ ತುಂಬ ದನದ ಹಿಂಡಿ. ಪಕ್ಕದಲ್ಲಿ ಮರಿ ಆಸೆಯಿಂದ ಬಟ್ಟಲನ್ನೇ ನೋಡುತ್ತಿತ್ತು.

"ಮರಿ ಹೇಳಿತೇನ್ರಿ ನಿಮಗ, ಉಪ್ಪಿಲ್ಲಂತ?" ಎಂದೆ.

ಇವರು ಅರ್ಧ ರೊಟ್ಟಿಯನ್ನು ಮರಿಗೆಂದು ಚಾಚಿದರು. ಅಂದಾಜು ತಪ್ಪಿ ಬೇವಿನ ಮರದ ಕಡೆ ಚಾಚಿದ್ದರು. ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಸಕ್ಕರೆ ಇಳಿಯದೆ ಕಣ್ಣು ಹೋದರೆ ಮೊಮ್ಮಗಳ ಮುಖವನ್ನು ಮರಿಯಿಂದ ಬರೆಸುತ್ತೀರೇನು ಎಂದೂ ಅಂದೆ. ಅದಕ್ಕೆ ಮಾತ್ರ ತಲೆ ತಗ್ಗಿಸಿದರು. ಅವತ್ತಿನಿಂದ ಒಂದೇ ರೊಟ್ಟಿ, ಅದೂ ನನ್ನ ಎದುರಿಗೆ ಕೂತು. ಮಳೆಗಾಲದ ಹೊತ್ತಿಗೆ ಸಕ್ಕರೆ ಇಳಿಯಿತು, ಒಂದು ಕಣ್ಣಿನ ಆಪರೇಷನ್ ಆಯಿತು.

ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದವರು ಗೇಟಿನಲ್ಲೇ ನಿಂತು ಮರಿಯನ್ನು ನೋಡಿದರು. "ಅಯ್ಯ, ಇಷ್ಟು ಬಡಕಲ ಅದಲ್ಲ ಇದು. ಹೊಟ್ಟಿಗಿ ಏನೂ ಹಾಕಿಲ್ಲೇನು ನೀನು?"

ನಾನು ಒಳಗೆ ಹೋಗಿ ಡೈರಿ ತೆಗೆದೆ. ಅವತ್ತಿನ ಪುಟದಲ್ಲಿ ಬರೆದ ಲೆಕ್ಕ ಇಷ್ಟು. ಮರಿಗೆ ಹನ್ನೆರಡು ಸಾವಿರ. ಮಾನ್ವಿಯಿಂದ ಟೆಂಪೋ ಬಾಡಿಗೆ ಏಳುನೂರು. ಹಸಿ ಹುಲ್ಲು ಎರಡು ಸಾವಿರದ ಮುನ್ನೂರು. ಹಿಂಡಿ ಒಂದು ಕಿಲೋ, ಅರವತ್ತು. ಒಟ್ಟು ಹದಿನೈದು ಸಾವಿರದ ಅರವತ್ತು ರೂಪಾಯಿ. ಆಪರೇಷನ್ ಖರ್ಚು ಇದರಲ್ಲಿ ಸೇರಿಲ್ಲ, ಅದು ಬೇಕಾಗಿದ್ದ ಖರ್ಚು. ಮರಿಯ ಮಾಂಸ ಯಾರೂ ತಿಂದಿಲ್ಲ, ಅದು ಬೇವಿನ ಮರದ ಕೆಳಗೇ ಇದೆ. ಹಿಂಡಿಯನ್ನು ಮರಿ ತಿಂದಿತು, ಒಂದು ಮುಷ್ಟಿ ಕಡಿಮೆ ಒಂದು ಕಿಲೋ.