ಗುಡಿಸು ನುಂಗಿದ ಬ್ಯಾನರ್

ಹೆಣ್ಣುಮಗಳು ಕತಿ ಬರೀತಾಳ ಅಂದ್ರ ಸಾಕು, ನಗಿಗೇಡು ಪ್ರಸಂಗ ತಾವ ಮನಿ ಹುಡುಕ್ಕೊಂತ ಬರ್ತಾವ. ತಿಳವಳ್ಳಿ ಕಡೆ ಒಂದು ಹಳ್ಳಿ ವಾಚನಾಲಯದಾಗ ಪುಸ್ತಕ ಕೊಡೋ ಕೆಲಸ ನಂದು. ಮಂದಿ ಹೊಲದಾಗ ಕಳೆ ತಗದು ನನ್ನ ಓದಿಸಿದ ನಮ್ಮವ್ವನ ಮ್ಯಾಲ ಕತಿ ಬರದೆ, ಪುಸ್ತಕನೂ ಆತು. ಆಕಿಗೆ ಓದಾಕ ಬರಂಗಿಲ್ಲ. ಬಿಡುಗಡೆ ದಿನ ಆಕಿನ್ನ ಮುಂದ ಕುಂದ್ರಿಸಿ ಆ ಕತಿ ನಾನ ಓದಬೇಕು ಅನ್ನೋದೊಂದ ನನ್ನ ಆಸೆ.

೧. ಬರದಾಂವ ಯಾರು?

ಶಿಗ್ಗಾಂವಿಗೆ ಆಮಂತ್ರಣ ಕೊಡಾಕ ಹೋದೆ. ನಿವೃತ್ತ ಮಾಸ್ತರೊಬ್ಬರು ಪುಸ್ತಕ ತಿರುವಿ, "ಚಲೋ ಐತಿ. ಬರದಾಂವ ಯಾರು?" ಅಂದ್ರು.

"ನಾನ ರೀ."

"ಹಂಗಲ್ಲವ್ವಾ, ತಿದ್ದಿದಾಂವ?"

"ತಿದ್ದಿದ್ದೂ ನಾನ ರೀ."

"ನಿಮ್ಮ ಮನಿಯವರು ಸಹಾಯ ಮಾಡಿರಬೇಕು?"

"ಹೌದ್ರಿ. ನಾ ಬರಿಯೋ ಮುಂದ ರೊಟ್ಟಿ ಬಡದಾರ."

ಅಡಗಿಮನ್ಯಾಗಿಂದ ಮಾಸ್ತರ ಹೆಂಡತಿ ಕೂಗಿದ್ರು: "ಪುಸ್ತಕ ಇರ್ಲಿ ಬಿಡವ್ವಾ, ಮೊದ್ಲ ನಿನ್ನ ಗಂಡನ್ನ ಕಳಸು. ಇವರಿಗೆ ಒಂದೀಟು ಕಲಿಸಿ ಹೋಗ್ಲಿ!"

೨. ಆಕಳೋ ಎಮ್ಮಿಯೋ?

ಬಿಡುಗಡೆ ಹಾನಗಲ್ಲಿನಾಗ. ಸಂಘಟಕರು ಕಾರ್ಯಕ್ರಮಕ್ಕ 'ದನಿ ಇಲ್ಲದವರ ದನಿ' ಅಂತ ಹೆಸರಿಟ್ಟಿದ್ರು. ಬ್ಯಾನರ್ ಮಾಡಿದಾಂವ ಮೊದಲನೇ 'ನಿ'ದ ಗುಡಿಸು ನುಂಗಿಬಿಟ್ಟಿದ್ದ. ಬಾಗಿಲದಾಗ ಜೋತು ಬಿದ್ದಿತ್ತು: 'ದನ ಇಲ್ಲದವರ ದನಿ'.

ರೈತರಿಬ್ಬರು ಬಂದು, "ಆಧಾರ್ ಕಾರ್ಡ್ ತಂದೇವ್ರಿ. ಆಕಳ ಕೊಡ್ತೀರೋ ಎಮ್ಮಿ ಕೊಡ್ತೀರೋ?" ಅಂದ್ರು.

"ಇಲ್ಲಿ ಪುಸ್ತಕ ಕೊಡ್ತೇವ್ರಿ."

"ಎಷ್ಟು ಲೀಟರ್ ಹಿಂಡತೈತ್ರಿ?"

ಎಲ್ಲಾರೂ ಯಾಕ ನಗಾಕತ್ತಾರ ಅಂತ ಅವ್ವ ಕೇಳಿದ್ಲು. ಬ್ಯಾನರ್ ಓದಿ ಹೇಳಿದೆ. ಆಕಿ ಮಾತ್ರ ನಗಲಿಲ್ಲ.

೩. ದನಿ

ವೇದಿಕೆ ಮ್ಯಾಲ ಐದು ಮಂದಿ ಗಂಡಸರು. ಹೆಣ್ಣುಮಕ್ಕಳು, ದಲಿತರು ತಾವ ಮಾತಾಡಬೇಕು ಅಂತ ಎರಡು ತಾಸು ಅವರ ಮಾತಾಡಿದ್ರು! ಅಧ್ಯಕ್ಷರಂತೂ ಅವ್ವನ ಕಡೆ ಕೈ ಮಾಡಿ, "ಇಂಥವರಿಗೆ ದನಿ ಇಲ್ಲ, ನಾವು ದನಿ ಆಗಬೇಕು" ಅಂದ್ರು. ಆಮ್ಯಾಲ ನಿರೂಪಕರು ನನ್ನ ಕಿವ್ಯಾಗ, "ಊಟಕ್ಕ ಹೊತ್ತಾತು. ಕತಿ ಬ್ಯಾಡ, ವಂದನಾರ್ಪಣೆ ಮಾಡಿಬಿಡ್ರಿ" ಅಂದ್ರು. ಸಿಟ್ಟು ನೆತ್ತಿಗೇರಿತು. ಮುಂದ ಕುಂತಿದ್ದ ಅವ್ವನ ಕಡೆ ತಿರುಗಿ, "ಕತಿ ಓದೋದು ಬ್ಯಾಡಂತ" ಅಂದೆ.

ಅವ್ವ ಎದ್ದು ನಿಂತ್ಲು. ಮೈಕ್ ಕೊಡಾಕ ಬಂದ್ರ ಬ್ಯಾಡ ಅಂದ್ಲು.

"ಸಾಹೇಬ್ರ, ನನಗ ದನಿ ಇಲ್ಲಂತೀರಿ? ನಾ ಹೊಲದಾಗ ನಿಂತು ಒದರಿದ್ರ ಹಿರೇಕೆರೂರ ಬಸ್ ನಿಂದರ್ತೈತಿ. ಎಲ್ಲಾರೂ ಸುಮ್ಕ ಕುಂದರ್ರಿ, ನನ್ನ ಮಗಳು ಓದ್ತಾಳ!"

ಅಡಗಿಯವರೂ ಸೌಟು ಕೆಳಗಿಟ್ಟು ಕುಂತ್ರು. ಕತಿ ಪೂರಾ ಓದಿದೆ.

ಊಟದಾಗ ಸಂಘಟಕರು ಅವ್ವನ ಹಂತ್ಯಾಕ ಬಂದು, "ಯವ್ವಾ, ಬ್ಯಾನರ್ ತಪ್ಪಾಗೇತಿ, ಮನಸಿಗೆ ಹಚ್ಕೋಬ್ಯಾಡ್ರಿ" ಅಂದ್ರು.

"ತಪ್ಪೆಲ್ಲೈತೋ ಯಪ್ಪಾ?" ಅಂದ್ಲು ಅವ್ವ. "ದನಿ ಐತಿ, ದನ ಇಲ್ಲ. ಇವತ್ತ ನೀವು ಖರೆ ಹೇಳಿದ್ದು ಅದೊಂದ!"