ನಿಮ್ಮ ಅಜ್ಜನ ಹೆಸರನ್ನು ಫೋನಿಗೆ ಹೇಳಿದ್ದು

ಸಾನ್ವಿ, ಪೃಥ್ವಿ, ನಾಚಿಕೆ ಅನ್ನುವುದು ವಯಸ್ಸಾದ ಮೇಲೆ ತಾನಾಗಿ ಬಿಟ್ಟುಹೋಗುತ್ತದೆ ಅಂತ ನಂಬಿದ್ದೆ. ಹೋಗುವುದಿಲ್ಲ. ಮೊಣಕಾಲು ನೋವಿನ ಜೊತೆ ಅದೂ ಗಟ್ಟಿಯಾಗಿ ಕೂತುಬಿಡುತ್ತದೆ. ನಿಮ್ಮ ಅಜ್ಜನ ಬಗ್ಗೆ ನಾಲ್ಕು ಪುಟ ಬರೆದಿಡಬೇಕು ಅಂತ ಹಟ ಹಿಡಿದವಳು ನಾನೇ. ಈ ಗಜೇಂದ್ರಗಡದಲ್ಲಿ ಜೀವಮಾನವೆಲ್ಲ ಮಗ್ಗದ ಮುಂದೆ ಕೂತ ಮನುಷ್ಯ ನಿಮ್ಮ ಪಾಲಿಗೆ ಬರೀ ಗೋಡೆಯ ಮೇಲಿನ ಫೋಟೊ ಆಗಬಾರದು. ಆದರೆ ರಾಜೂರಿನ ಸಾಲಿಯಲ್ಲಿ ಏಳನೆಯ ಇಯತ್ತೆ ಮುಗಿಸಿದ ನನಗೆ ಮಾತು ಬಂದಷ್ಟು ಲಗೂ ಬರಹ ಬರುವುದಿಲ್ಲ. "ಫೋನಿಗೆ ಹೇಳಬೇ ಆಯಿ, ಎಐ ಚಂದ ಮಾಡಿ ಬರದು ಕೊಡತೈತಿ" ಅಂತ ಸಾನ್ವಿ ಕಲಿಸಿಕೊಟ್ಟಳು.

ಕಂಡಿಕೆಗೆ ನೂಲು ಸುತ್ತುತ್ತಲೇ ಹೇಳಿದೆ. ಎಳೆ ಹರಿದರೆ ನಿಮ್ಮ ಅಜ್ಜ ಮೊದಲು ಮಗ್ಗಕ್ಕೆ ಬೈಯುತ್ತಿದ್ದರು, ಆಮೇಲೆ ನನಗೆ. ನೇಯುವಾಗ ತಪ್ಪು ಬಿದ್ದ ಸೀರೆಯನ್ನು ಮಾರದೆ ನನಗೇ ಉಡಲು ಕೊಡುತ್ತಿದ್ದರು. ನನ್ನ ಟ್ರಂಕಿನ ತುಂಬ ಅವರ ತಪ್ಪುಗಳೇ ಇವೆ. ಫೋನು ಎಲ್ಲ ಕೇಳಿ, ಬರೆದು, ಓದಿ ತೋರಿಸಿತು: "ಶಾಂತ ಸ್ವಭಾವದ ಬಸವರಾಜಪ್ಪನವರು ಪತ್ನಿಗಾಗಿ ದೋಷರಹಿತ ಸೀರೆಗಳನ್ನು ನೇಯುತ್ತಿದ್ದರು."

ಕೈಯಲ್ಲಿದ್ದ ಕಂಡಿಕೆ ಜಾರಿತು. ಗಂಡನ ಹೆಸರು ನಾನು ಹೇಳಿರಲಿಲ್ಲ, ಅದು ತಾನೇ ಒಂದು ಇಟ್ಟುಬಿಟ್ಟಿತ್ತು. ಈ ವಯಸ್ಸಿನಲ್ಲಿ ನನ್ನನ್ನು ಇನ್ನೊಬ್ಬನ ಹೆಂಡತಿ ಮಾಡಿ, ಅವನಿಗೆ ಶಾಂತ ಸ್ವಭಾವ ಬೇರೆ. ಅಂಥವನು ಸಿಕ್ಕಿದ್ದರೆ ಚಲೋ ಇತ್ತು ಅಂತ ಒಂದು ಗಳಿಗೆ ಅನಿಸಿದ್ದೂ ಸುಳ್ಳಲ್ಲ. ಆದರೆ ಹಾಗೇ ಬಿಟ್ಟರೆ, ನಾನು ಹೋದ ಮೇಲೆ ನೀವು ಬಸವರಾಜಪ್ಪನನ್ನೇ ಅಜ್ಜ ಅಂದುಕೊಳ್ಳುತ್ತೀರಿ. ಸ್ವಭಾವ ತಿದ್ದಿಸುವುದು ಸುಲಭವಾಯಿತು. ಸಿಟ್ಟು ಸೇರಿಸು ಅಂದೆ, ಸೇರಿಸಿತು. ಹೆಸರೇ ಕಷ್ಟ. ನಮ್ಮ ಕಾಲದ ಹೆಂಗಸರು ಗಂಡನ ಹೆಸರು ಹೇಳುತ್ತಿದ್ದುದು ಪ್ರಾಸ ಕಟ್ಟಿದ ಒಡಪಿನಲ್ಲಿ ಮಾತ್ರ, ಅದೂ ಮದುವೆ ಮನೆಯಲ್ಲಿ ಹೆಸರು ಹೇಳು ಅಂತ ಬಾಗಿಲು ಅಡ್ಡಗಟ್ಟಿದಾಗ. ನಾನು ಆಗಲೂ ಹಿತ್ತಲ ಬಾಗಿಲಿಂದ ಒಳಗೆ ಬಂದವಳು. ಒತ್ತಿ ಬರೆಯೋಣವೆಂದರೆ ನನ್ನ ಬೆರಳು ಒಂದು ಅಕ್ಷರದ ಜಾಗದಲ್ಲಿ ಮೂರು ಒತ್ತುತ್ತದೆ.

ಅಷ್ಟರಲ್ಲಿ ನಿಮ್ಮ ಅವ್ವ ಚಹಾ ತಂದಳು. "ಯಾಕ್ರಿ ಅತ್ತಿ, ಸುಮ್ನ ಕುಂತೀರಿ?"

"ಇದಕ್ಕ ನಿಮ್ಮ ಮಾವನ ಹೆಸರ ಹೇಳಬೇಕಾಗೇತಿ."

"ಹೇಳ್ರಿ ಮತ್ತ. ಅದೇನ್ ಓಣಿ ತುಂಬ ಹೇಳಿಕೋತ ಅಡ್ಡಾಡತೈತೇನ್ರಿ?"

ನಾನು ಚಹಾ ಊದುತ್ತ ಕೂತೆ.

"ಬಿಡ್ರಿ, ನಾನ ಹೇಳತೀನಿ. ರೇಷನ್ ಕಾರ್ಡ್ ಮಾಡಿಸುಮುಂದ ಹತ್ತ ಸಲ ಹೇಳೇನಿ."

ಆ ಮಾತು ನಾಟಿತು. "ಬ್ಯಾಡವಾ. ಗಂಡ ನನ್ನಾವ. ನಾನ ಹೇಳತೀನಿ."

ಸೆರಗು ಎಳೆದುಕೊಂಡು, ಫೋನಿನ ಹತ್ತಿರ ಬಾಯಿ ಒಯ್ದು ಹೇಳಿದೆ. "ಸರಿಯಾಗಿ ಕೇಳಿಸಲಿಲ್ಲ, ದಯವಿಟ್ಟು ಮತ್ತೊಮ್ಮೆ ಹೇಳಿ" ಅಂದಿತು. ಹೇಳಿದೆ. ಮತ್ತೆ ಅದೇ ದಯವಿಟ್ಟು. ಮೂರನೆಯ ಸಲ, ಆದದ್ದಾಗಲಿ ಅಂತ, ಇದ್ದ ದನಿಯನ್ನೆಲ್ಲ ಕೂಡಿಸಿ "ವಿರೂಪಾಕ್ಷಪ್ಪ" ಅಂದೆ. ಪಕ್ಕದ ಮನೆಯ ಮಗ್ಗ ಗಕ್ಕನೆ ನಿಂತಿತು. ನಿಮ್ಮ ಅವ್ವ ನಗು ತಡೆಯಲಾರದೆ ಖಾಲಿಯಾಗದ ಕಪ್ಪನ್ನೇ ಎತ್ತಿಕೊಂಡು ಒಳಗೆ ಓಡಿದಳು.

ಫೋನು ಹೆಸರನ್ನು ಸರಿಯಾಗಿಯೇ ಬರೆಯಿತು. ಆದರೂ ಅದರ ಮೇಲೆ ಬಿಡದೆ ಎಲ್ಲವನ್ನೂ ನಾನೇ ಕೈಯಾರೆ ಹಾಳೆಗೆ ಇಳಿಸಿದ್ದೇನೆ. ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಹೆಸರು ಬಂದ ಕಡೆಯಲ್ಲೆಲ್ಲ ಅಕ್ಷರ ನಡುಗಿವೆ. ಯಾರಾದರೂ ಕೇಳಿದರೆ, ಆಯಿಗೆ ವಯಸ್ಸಾಗಿತ್ತು ಅಂತ ಹೇಳಿ.